ದಿನಕ್ಕೊಂದು ದೇಶದ ನೆರಳು

ಸುಡಾನ್ ದೇಶವನ್ನು ಅಪ್ಪ ಗುರುತಿಸಲಿಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಗಳಲ್ಲಿ ಭೂಗೋಳ ಕಲಿಸಿದವರು ಅವರು. ಕರಿಹಲಗೆಯಿಂದ ಸುಣ್ಣದ ಕಡ್ಡಿ ಎತ್ತದೆ, ಒಂದೇ ಓಟದಲ್ಲಿ ಆಫ್ರಿಕಾ ಖಂಡದ ಹೊರಗೆರೆ ಎಳೆದು ನಿಲ್ಲಿಸುತ್ತಿದ್ದರು. ಐದನೆಯ ಇಯತ್ತೆಯ ಎರಡನೆಯ ಸಾಲಿನಲ್ಲಿ ಕುಳಿತು ನಾನೇ ನೋಡಿದ್ದೇನೆ. ಅಂಥವರು ಆ ದಿನ ಬೆಳಿಗ್ಗೆ ಮೊಬೈಲ್ ಪರದೆಯ ಮೇಲಿದ್ದ ಕಪ್ಪು ಆಕಾರವನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು, ಮೊಬೈಲನ್ನೇ ದೂರ ಹಿಡಿದು ನೋಡಿದರು. ಚಹಾ ಆರಿಹೋಯಿತು. ಕೊನೆಗೆ, "ತಂಗೀ, ಇಂಥ ದೇಶವೇ ಇಲ್ಲ" ಎಂದರು.

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ದಿನ ಶುರುವಾಗುವುದೇ ಈ ಆಟದಿಂದ. ಹೆಸರು ವರ್ಲ್ಡಲ್. ಫ್ರಾನ್ಸಿನ ತಂತ್ರಜ್ಞರೊಬ್ಬರು 2022ರ ಜನವರಿಯಲ್ಲಿ ಹೊರತಂದ ಆಟ ಇದು. ಅದಕ್ಕೂ ಮೊದಲು, 2021ರಲ್ಲಿ, ಜೋಶ್ ವಾರ್ಡಲ್ ಎಂಬವರು ಐದು ಅಕ್ಷರದ ಇಂಗ್ಲಿಷ್ ಪದವನ್ನು ಹುಡುಕುವ ವರ್ಡಲ್ ಆಟವನ್ನು ಜಗತ್ತಿನ ಮುಂದಿಟ್ಟಿದ್ದರು. ದಿನಕ್ಕೆ ಒಂದೇ ಒಗಟು, ಆರೇ ಅವಕಾಶ ಎಂಬ ಅದರ ಕಟ್ಟುಪಾಡನ್ನು ಈ ಆಟ ಭೂಗೋಳಕ್ಕೆ ತಂದಿತು. ಪರದೆಯ ಮೇಲೆ ಒಂದು ದೇಶದ ಆಕಾರ ಕಪ್ಪು ನೆರಳಿನಂತೆ ಮೂಡುತ್ತದೆ. ಹೆಸರಿಲ್ಲ, ನದಿಯಿಲ್ಲ, ಅಕ್ಕಪಕ್ಕದ ದೇಶಗಳಿಲ್ಲ. ನಾವು ಒಂದು ಹೆಸರು ಹೇಳಬೇಕು. ತಪ್ಪಾದರೆ, ಹೇಳಿದ ದೇಶದಿಂದ ಸರಿಯಾದ ದೇಶ ಎಷ್ಟು ಕಿಲೋಮೀಟರ್ ದೂರ, ಯಾವ ದಿಕ್ಕಿಗೆ ಎಂದು ಒಂದು ಬಾಣದ ಗುರುತು ತೋರಿಸುತ್ತದೆ. ಜೊತೆಗೆ ಎಷ್ಟು ಹತ್ತಿರ ಬಂದೆವು ಎಂಬ ಶೇಕಡಾ ಲೆಕ್ಕ. ಆ ಲೆಕ್ಕದ ಮೂಲವನ್ನು ಅಪ್ಪನೇ ನನಗೆ ಬಿಡಿಸಿ ಹೇಳಿದ್ದು. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಹಾಗಾಗಿ ಯಾವ ಎರಡು ಜಾಗಗಳ ನಡುವೆಯೂ ಹೆಚ್ಚೆಂದರೆ 20,000 ಕಿಲೋಮೀಟರ್ ಅಂತರ. ಆ ಇಪ್ಪತ್ತು ಸಾವಿರವನ್ನು ಸೊನ್ನೆ ಎಂದು ಹಿಡಿದು, ಹತ್ತಿರವಾದಷ್ಟೂ ಅಂಕ ನೂರರ ಕಡೆಗೆ ಏರುತ್ತದೆ.

ಆಡಲು ದುಡ್ಡು ಕೊಡಬೇಕಿಲ್ಲ. ಮಧ್ಯರಾತ್ರಿ ದಾಟಿದರೆ ಹೊಸ ದೇಶ. ಇನ್ನೊಂದು ಬೇಕೆಂದರೆ ನಾಳೆಯವರೆಗೆ ಕಾಯಬೇಕು. ಈ ಕಾಯುವಿಕೆ ನನಗೆ ಬಹಳ ಇಷ್ಟ. ಮೊಬೈಲ್‌ನಲ್ಲಿ ಬರುವ ಬಹುತೇಕ ಎಲ್ಲವೂ ಇನ್ನಷ್ಟು ನೋಡು, ಮತ್ತಷ್ಟು ನೋಡು ಎಂದು ಕೈ ಹಿಡಿದು ಎಳೆಯುವಾಗ, ಇದೊಂದು ಮಾತ್ರ ಇವತ್ತಿಗೆ ಸಾಕು ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಪುಣೆಯಲ್ಲಿರುವ ನನ್ನ ತಮ್ಮನೂ ಅದೇ ಬೆಳಿಗ್ಗೆ ಅದೇ ಆಕಾರವನ್ನು ನೋಡುತ್ತಿರುತ್ತಾನೆ. ಉತ್ತರ ಬಿಟ್ಟುಕೊಡದ ಹಸಿರು, ಹಳದಿ ಚೌಕಗಳ ಸಾಲನ್ನಷ್ಟೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾನೆ. ಫೋನ್ ಮಾಡಿ ಮಾತನಾಡಲು ಪುರುಸೊತ್ತಿಲ್ಲದ ದಿನವೂ ಆ ಚೌಕಗಳು ಬರುತ್ತವೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ದೂರದ ಊರುಗಳಲ್ಲಿ ನೆಲೆಸಿದ ಮೇಲೆ, "ನಾನು ಎದ್ದಿದ್ದೇನೆ, ಚೆನ್ನಾಗಿದ್ದೇನೆ" ಎಂದು ಹೇಳಲು ಇಷ್ಟು ಸಾಕಾಗುತ್ತದೆ.

ಅವ್ವ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆ ಇರಲು ಬಂದರು. ಮೊದಲ ಆರು ತಿಂಗಳು ಹೆಚ್ಚು ಮಾತನಾಡಲಿಲ್ಲ. ಪೇಪರ್ ಓದುತ್ತಿದ್ದರು, ಮಡಚಿ ಇಡುತ್ತಿದ್ದರು. ಒಂದು ಬೆಳಿಗ್ಗೆ ನಾನು ಬ್ಯಾಂಕಿಗೆ ಹೊರಡುವ ಗಡಿಬಿಡಿಯಲ್ಲಿ ನಿಂತೇ ಆಡುತ್ತಿದ್ದೆ. ಹಿಂದಿನಿಂದ ಹಾದು ಹೋಗುತ್ತಿದ್ದ ಅಪ್ಪ ಒಂದು ಕ್ಷಣ ನಿಂತು, "ಅಪ್ಪರ್ ವೋಲ್ಟಾ" ಎಂದರು. ಹಾಗೆ ಬರೆದರೆ ಆಟ ಒಪ್ಪಲಿಲ್ಲ. ಹುಡುಕಿ ನೋಡಿದರೆ, 1984ರಲ್ಲಿ ಆ ದೇಶ ತನ್ನ ಹೆಸರನ್ನು ಬುರ್ಕಿನಾ ಫಾಸೊ ಎಂದು ಬದಲಿಸಿಕೊಂಡಿದೆ. ಅಪ್ಪನ ಉತ್ತರ ಸರಿಯಾಗಿತ್ತು, ಹೆಸರಿಗಷ್ಟೇ ವಯಸ್ಸಾಗಿತ್ತು. ಆವತ್ತಿನಿಂದ ಅವರು ಹೇಳುವುದು, ನಾನು ಟೈಪ್ ಮಾಡುವುದು. ಅವರು ಡಹೋಮಿ ಎಂದರೆ ನಾನು ಬೆನಿನ್ ಎಂದು ಬರೆಯುತ್ತೇನೆ. ರೊಡೇಶಿಯ ಎಂದರೆ ಜಿಂಬಾಬ್ವೆ, ಝೈರ್ ಎಂದರೆ ಕಾಂಗೊ, ಸ್ವಾಜಿಲ್ಯಾಂಡ್ ಎಂದರೆ 2018ರಿಂದ ಎಸ್ವಾಟಿನಿ. ಬರ್ಮಾ, ಸಿಲೋನ್‌ಗಳಂತೂ ಸರಿಯೇ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಅವರು ಎರಡು ಅಂಕಣ ಹಾಕಿ, ಎಡಕ್ಕೆ ತಾವು ಕಲಿಸಿದ ಹೆಸರು, ಬಲಕ್ಕೆ ಈಗಿನ ಹೆಸರು ಬರೆಯುತ್ತಾ ಬಂದಿದ್ದಾರೆ. ಅಕ್ಷರ ಇನ್ನೂ ಮುತ್ತಿನಂತಿದೆ.

ಆಟದ ಎರಡು ಗುಣಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಒಂದು, ಇದರಲ್ಲಿ ಅಳತೆಗೋಲು ಇಲ್ಲ. ರಷ್ಯಾ ಬಂದರೂ, 21 ಚದರ ಕಿಲೋಮೀಟರಿನ ನೌರು ಬಂದರೂ ಪೆಟ್ಟಿಗೆಯ ತುಂಬ ಅಷ್ಟೇ ದೊಡ್ಡದಾಗಿ ನಿಲ್ಲುತ್ತವೆ. ಶಾಲೆಯ ಗೋಡೆಯ ನಕಾಶೆಯಲ್ಲಿ ನೌರು ಒಂದು ಚುಕ್ಕೆಯೂ ಆಗಿರಲಿಲ್ಲ. ಇಲ್ಲಿ ಅದಕ್ಕೂ ಒಂದು ಇಡೀ ದಿನ ಸಿಗುತ್ತದೆ. ಲೋಕದಲ್ಲಿ ಎಷ್ಟೋ ಜನ ಆ ದಿನ ಅದರ ಹೆಸರನ್ನು ನೆನಪಿಸಿಕೊಳ್ಳಲು ಒದ್ದಾಡುತ್ತಾರೆ. ಚಿಕ್ಕ ದೇಶಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇರೆ ಎಲ್ಲಿ ಸಿಕ್ಕೀತು?

ಎರಡನೆಯದು, ದೂರವನ್ನು ಅದು ಅಳೆಯುವ ಬಗೆ. ಮೊದಮೊದಲು ಅಪ್ಪನಿಗೆ ಇದರಿಂದ ಸಿಟ್ಟು ಬಂದಿತ್ತು. ಪಾಕಿಸ್ತಾನ ಉತ್ತರವಾಗಿದ್ದ ದಿನ ನಾವು ಭಾರತ ಎಂದು ಬರೆದರೆ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ತೋರಿಸಿತು. "ಗಡಿಗೆ ಗಡಿ ಹತ್ತಿದೆ, ಸಾವಿರ ಎಲ್ಲಿಂದ ಬಂತು?" ಎಂದರು. ಆಟ ಅಳೆಯುವುದು ಗಡಿಯಿಂದ ಗಡಿಗೆ ಅಲ್ಲ, ಒಂದು ದೇಶದ ನಡುಬಿಂದುವಿನಿಂದ ಇನ್ನೊಂದರ ನಡುಬಿಂದುವಿಗೆ ಎಂದು ತಿಳಿದ ಮೇಲೆ ಸುಮ್ಮನಾದರು. ಆದರೆ ಆ ಮಾತು ಅವರ ತಲೆಯಲ್ಲಿ ಉಳಿಯಿತು. ಎರಡು ದಿನ ಬಿಟ್ಟು ಊಟ ಮಾಡುವಾಗ, "ಹಾಗಾದರೆ ನಮ್ಮ ಬಾಗಲಕೋಟೆಯ ನಡುಬಿಂದು ಎಲ್ಲಿ?" ಎಂದು ಕೇಳಿದರು.

ಬೇರೆ ಊರಿನವರಿಗೆ ಈ ಪ್ರಶ್ನೆಯ ತೂಕ ತಿಳಿಯದು. ನಮ್ಮದು ಮುಳುಗಡೆಯ ಊರು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ ತಿಂಗಳಿನಲ್ಲಿ. ನೀರು ನಮ್ಮ ಅಂಗಳಕ್ಕೆ ಬರಲು ಮುಂದೆ ಮೂರೂವರೆ ದಶಕ ಬೇಕಾಯಿತು. ಅಣೆಕಟ್ಟಿನ ಮಟ್ಟ 519.60 ಮೀಟರ್ ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಅಂಕಿಯನ್ನು ನಮ್ಮ ಓಣಿಯ ಓದು ಬರಹ ಬಾರದ ಮುದುಕಿಯರೂ ಬಾಯಿಪಾಠ ಹೇಳುತ್ತಿದ್ದರು. ಹಿನ್ನೀರು ಘಟಪ್ರಭೆಯ ಕೊಳ್ಳದುದ್ದಕ್ಕೂ ಹಿಂದೆ ಹಿಂದೆ ಸರಿದು ಬಂದು ಹಳೆಯ ಊರಿನ ಹೊಳೆಯ ಕಡೆಯ ಭಾಗವನ್ನು ತೆಗೆದುಕೊಂಡಿತು. ನಾವು ತೊಲೆ, ಕಂಬ, ತಲಬಾಗಿಲು ಬಿಚ್ಚಿಕೊಂಡು ನವನಗರಕ್ಕೆ ಬಂದೆವು. ಮಣ್ಣಿನ ಮಾಳಿಗೆಯ ಮನೆಯ ಆ ತಲಬಾಗಿಲು ಈಗ ನಮ್ಮ ಸಿಮೆಂಟಿನ ಮನೆಗೆ ಸ್ವಲ್ಪ ಗಿಡ್ಡವಾಗಿದೆ. ಎತ್ತರದವರು ತಲೆ ತಗ್ಗಿಸಿಯೇ ಒಳಗೆ ಬರಬೇಕು. ಹಳೆಯ ಬಾಗಲಕೋಟೆಯಲ್ಲಿ ಕಿಲ್ಲಾ, ಜೈನಪೇಟೆ, ವೆಂಕಟಪೇಟೆ ಎಂದು ಹೆಸರಿತ್ತು. ಹೋಳಿಯಲ್ಲಿ ಪೇಟೆಯ ಹೆಸರಿನ ಮೇಲೆಯೇ ಹಲಗಿ ಬಾರಿಸುತ್ತಿದ್ದರು, ಬಣ್ಣದ ಬಂಡಿ ಬರುತ್ತಿದ್ದವು. ನವನಗರದಲ್ಲಿ ಸೆಕ್ಟರ್, ಅದಕ್ಕೊಂದು ನಂಬರ್. ಹಳೆಯ ಊರು ಒಂದು ಕಡೆ, ನಡುವೆ ವಿದ್ಯಾಗಿರಿ, ಆಚೆಗೆ ನವನಗರ. ಒಂದೇ ಹೆಸರಿನ ಊರು ಮೂರು ಕಡೆ ಹರಡಿಕೊಂಡಿದೆ. ಲೆಕ್ಕ ಹಾಕಿ ಒಂದು ಬಿಂದು ಇಟ್ಟರೆ ಅದು ಯಾರೂ ತಮ್ಮ ಊರಿನ ನಡು ಎಂದು ಒಪ್ಪದ ಯಾವುದೋ ರಸ್ತೆಯ ಬದಿಯಲ್ಲಿ ಬಂದು ಬೀಳುತ್ತದೆ.

ಸುಡಾನ್ ಬಂದ ದಿನಕ್ಕೆ ಮರಳುತ್ತೇನೆ. "ಇಂಥ ದೇಶವೇ ಇಲ್ಲ" ಎಂದ ಮೇಲೂ ಅಪ್ಪ ಬಿಡಲಿಲ್ಲ. ಗಡಿಯಲ್ಲಿ ಅಷ್ಟುದ್ದದ ನೇರಗೆರೆಗಳಿದ್ದರೆ ಅದು ಮರುಭೂಮಿಯ ದೇಶವೇ ಇರಬೇಕು, ನದಿಬೆಟ್ಟ ನೋಡದೆ ಪರದೇಶದವರು ಕಾಗದದ ಮೇಲೆ ಎಳೆದ ಗಡಿ ಇದು ಎಂದು ತರ್ಕಿಸಿ ಮೊದಲು ಚಾಡ್ ಎಂದರು. ಉತ್ತರ ಬಂತು: ಸುಮಾರು 1,200 ಕಿಲೋಮೀಟರ್, ಬಾಣ ಪೂರ್ವಕ್ಕೆ. ಹಾಗಾದರೆ ಇಥಿಯೋಪಿಯ ಎಂದರು. ಅದೂ ಹೆಚ್ಚುಕಡಿಮೆ ಅಷ್ಟೇ ದೂರ, ಆದರೆ ಈ ಸಲ ಬಾಣ ಪಶ್ಚಿಮದ ಕಡೆಗೆ. ಅಪ್ಪ ಬೆರಳನ್ನು ಗಾಳಿಯಲ್ಲೇ ಎರಡು ದೇಶಗಳ ಮೇಲೆ ಇಟ್ಟು, ನಡುವೆ ತಂದು ನಿಲ್ಲಿಸಿದರು. "ಇವೆರಡರ ನಡುವೆ ಇರುವುದು ಸುಡಾನ್ ಒಂದೇ. ಆದರೆ ಸುಡಾನ್ ಹೀಗಿಲ್ಲ. ಸುಡಾನ್ ಆಫ್ರಿಕಾದ ಅತಿ ದೊಡ್ಡ ದೇಶ. ಕೆಳಗೆ ಅಗಲವಾಗಿ ಇಳಿದು ಯುಗಾಂಡದವರೆಗೆ ಹೋಗುತ್ತದೆ. ಇದರ ಕಾಲು ಎಲ್ಲಿ?"

ಕಾಲು 2011ರಲ್ಲಿ ಬೇರೆಯಾಗಿತ್ತು. ಆ ವರ್ಷದ ಜುಲೈ 9ರಂದು ದಕ್ಷಿಣ ಸುಡಾನ್ ಸ್ವತಂತ್ರ ದೇಶವಾಯಿತು. ಅತಿ ದೊಡ್ಡ ದೇಶ ಎಂಬ ಬಿರುದು ಅಲ್ಜೀರಿಯಕ್ಕೆ ಹೋಯಿತು. ಅಪ್ಪ ಅದನ್ನು ಪೇಪರಿನಲ್ಲಿ ಓದಿದ್ದರು, ಮರೆತಿರಲಿಲ್ಲ. ಆದರೆ ಕೈಗೆ ಅದು ತಿಳಿದಿರಲಿಲ್ಲ. ಅವರ ಬೆರಳುಗಳು ಮೂವತ್ತನಾಲ್ಕು ವರ್ಷ ಎಳೆದದ್ದು ಹಳೆಯ ಸುಡಾನನ್ನೇ. ಸುದ್ದಿ ಓದುವುದಕ್ಕೂ ಆಕಾರ ಬದಲಾದದ್ದನ್ನು ಕಣ್ಣಾರೆ ಕಾಣುವುದಕ್ಕೂ ಎಷ್ಟು ಅಂತರ ಇದೆ ಎಂದು ಆಗ ನನಗೆ ಅರಿವಾಯಿತು. ಕೇಳುವುದಕ್ಕೆ ನಮ್ಮೂರಿನ ಕಥೆಯೂ ಹಾಗೆಯೇ. ಇಷ್ಟು ಮನೆ ಹೋದವು, ಇಷ್ಟು ಎಕರೆ ಹೋಯಿತು ಎಂದು ಹೇಳಬಹುದು. ಹಳೆಯ ಊರಿಗೆ ಹೋಗಿ, ಓಣಿಯ ರಸ್ತೆ ಇಳಿಯುತ್ತಾ ಇಳಿಯುತ್ತಾ ನೀರಿನೊಳಕ್ಕೆ ಹೋಗುವುದನ್ನು ನೋಡಿದವರು ಬೇರೆಯೇ ಸಂಗತಿಯನ್ನು ತಿಳಿದಿರುತ್ತಾರೆ.

ಉತ್ತರ ಸರಿಯಾದ ಮೇಲೆ ಆಟ ನೆರೆಯ ದೇಶ, ರಾಜಧಾನಿ, ಬಾವುಟ ಎಂದು ಇನ್ನಷ್ಟು ಕೇಳುತ್ತದೆ. ನಾವು ಹೆಚ್ಚಾಗಿ ಅಲ್ಲಿಗೆ ಬಿಟ್ಟು, ನಕಾಶೆ ತೆರೆದು ಆ ದೇಶದೊಳಗೆ ಹೋಗುತ್ತೇವೆ. ನನ್ನ ದೃಷ್ಟಿಯಲ್ಲಿ ನಿಜವಾದ ಆಟ ಇರುವುದು ಅಲ್ಲಿ. ಆ ದಿನ ಬ್ಯಾಂಕಿಗೆ ಎರಡನೆಯ ಶನಿವಾರದ ರಜೆ. ಸುಡಾನಿನ ಉತ್ತರದ ತುದಿಯನ್ನು ದೊಡ್ಡದು ಮಾಡಿ ನೋಡುತ್ತಾ ಹೋದೆವು. ಈಜಿಪ್ಟ್ ಜೊತೆಗಿನ ಗಡಿ 22ನೆಯ ಅಕ್ಷಾಂಶದ ಮೇಲೆ ಹಗ್ಗ ಕಟ್ಟಿದಂತೆ ನೇರವಾಗಿದೆ; 1899ರಲ್ಲಿ ಬ್ರಿಟಿಷರ ಕಾಲದಲ್ಲಿ ಆದ ಒಪ್ಪಂದ ಅದು. ಆದರೆ ನೈಲ್ ನದಿ ಇರುವಲ್ಲಿ ಮಾತ್ರ, ಕೆಲವು ನಕಾಶೆಗಳಲ್ಲಿ, ಸುಡಾನಿನ ಒಂದು ಕಿರುಬೆರಳು ಗೆರೆ ದಾಟಿ ಮೇಲಕ್ಕೆ ಚಾಚಿಕೊಂಡಿರುತ್ತದೆ. ವಾದಿ ಹಾಲ್ಫಾ ಊರಿನ ಮೇಲಿನ ನದಿದಂಡೆಯ ಹಳ್ಳಿಗಳಿಗಾಗಿ ಮಾಡಿಕೊಂಡ ಏರ್ಪಾಡು. ಉಪಗ್ರಹದ ಚಿತ್ರದಲ್ಲಿ ನೋಡಿದರೆ ಆ ಬೆರಳಿನ ಜಾಗದಲ್ಲಿ ಹಳ್ಳಿಗಳಿಲ್ಲ. ನೀಲಿ ನೀರಿದೆ.

ಈಜಿಪ್ಟಿನ ಅಸ್ವಾನ್ ಎತ್ತರದ ಅಣೆಕಟ್ಟಿನ ಹಿನ್ನೀರು ಅದು. 1960ರಲ್ಲಿ ಕೆಲಸ ಶುರುವಾಗಿ 1970ರಲ್ಲಿ ಮುಗಿದ ಅಣೆಕಟ್ಟು. ಅಬು ಸಿಂಬೆಲ್ ದೇವಾಲಯಗಳನ್ನು ಕಲ್ಲು ಕಲ್ಲಾಗಿ ಕೊಯ್ದು 65 ಮೀಟರ್ ಮೇಲಕ್ಕೆ ಎತ್ತಿ ಕಟ್ಟಿದ ಕಥೆ ನಮ್ಮ ಪಠ್ಯಪುಸ್ತಕದಲ್ಲೂ ಇತ್ತು, ಅಪ್ಪ ಹೆಮ್ಮೆಯಿಂದ ಕಲಿಸುತ್ತಿದ್ದರು. ವಾದಿ ಹಾಲ್ಫಾದ ಮನುಷ್ಯರ ಕಥೆ ಅದರಲ್ಲಿ ಇರಲಿಲ್ಲ. ಸುಡಾನಿನ ಸುಮಾರು 50,000 ನುಬಿಯನ್ ಜನರನ್ನು ರೈಲು ಹತ್ತಿಸಿ, ಎಂಟುನೂರು ಕಿಲೋಮೀಟರ್ ಆಚೆ, ಅಟ್ಬಾರಾ ನದಿಯ ಬಯಲಿನಲ್ಲಿ ಕಟ್ಟಿದ ಹೊಸ ಊರಿಗೆ ಕಳಿಸಿದರು. ಅದರ ಹೆಸರು ಹೊಸ ಹಾಲ್ಫಾ. ಸುತ್ತಲಿನ ಪುನರ್ವಸತಿ ಹಳ್ಳಿಗಳನ್ನು ಜನ ಇಂದಿಗೂ ನಂಬರಿನಿಂದ ಕರೆಯುತ್ತಾರೆ. ಈ ವಲಸೆ ಶುರುವಾದ ವರ್ಷ 1964.

ನಾನು ಓದಿ ಹೇಳುತ್ತಿದ್ದೆ. ವರ್ಷ ಕೇಳಿ ಅಪ್ಪ ಕನ್ನಡಕ ತೆಗೆದರು. ಅದೇ ವರ್ಷ ಆಲಮಟ್ಟಿಯಲ್ಲಿ ಕಲ್ಲು ಇಟ್ಟಾಗ ಅವರು ಹದಿಮೂರು ವರ್ಷದ ಹುಡುಗ. ಅವರ ಅಪ್ಪ, ಎಂದರೆ ನನ್ನ ಅಜ್ಜ, "ನಮ್ಮ ಕಾಲಕ್ಕೆ ನೀರು ಬರುವುದಿಲ್ಲ" ಎಂದಿದ್ದರಂತೆ. ಅವರ ಕಾಲಕ್ಕೆ ಬರಲಿಲ್ಲ, ನಿಜ. "ಅಲ್ಲಿ ಯಾರೂ ಉಳಿಯಲಿಲ್ಲವೇ?" ಎಂದು ಅಪ್ಪ ಕೇಳಿದರು. ಉಳಿದಿದ್ದರು. ಹೋಗಲು ಒಪ್ಪದ ಕೆಲವರು ನೀರು ಏರಿದಂತೆ ತಾವೂ ಮೇಲೇರುತ್ತಾ, ದಂಡೆಯ ಮೇಲೆಯೇ ಮತ್ತೆ ಮತ್ತೆ ಗುಡಿಸಲು ಕಟ್ಟಿಕೊಂಡು, ಕಡೆಗೆ ವಾದಿ ಹಾಲ್ಫಾ ಎಂಬ ಹೆಸರನ್ನೇ ಅಲ್ಲಿ ಉಳಿಸಿದರು. ಅಪ್ಪ ಬಹಳ ಹೊತ್ತು ಆ ನೀಲಿಯನ್ನು ನೋಡುತ್ತಾ ಕುಳಿತರು. ಖರ್ಜೂರದ ಮರಗಳೂ ಮುಳುಗಿದವು ಎಂದು ಓದಿದಾಗ, "ನಮ್ಮ ಹಿತ್ತಲಿನ ಬೇವಿನ ಮರ" ಎಂದು ಮಾತು ಆರಂಭಿಸಿ ಮುಂದುವರಿಸಲಿಲ್ಲ. ಆ ಮರ ನನಗೂ ನೆನಪಿದೆ. ಮೊದಲ ವರ್ಷದ ನೀರಿನಲ್ಲಿ ಅದರ ತುದಿ ಇನ್ನೂ ಹಸಿರಾಗಿಯೇ ಇತ್ತು.

ಹೊಸ ಹಾಲ್ಫಾದ ಬಯಲನ್ನು ಕುರಿತು ಓದುತ್ತಾ ಹೋದಂತೆ ಇನ್ನೂ ಒಂದು ನಂಟು ಹೊರಬಿತ್ತು. ಅಲ್ಲಿಂದ ಹೆಚ್ಚು ದೂರವಲ್ಲದ ಕಸ್ಸಲಾದ ಸುತ್ತಮುತ್ತ, ಐದು ಸಾವಿರ ವರ್ಷಗಳ ಹಿಂದಿನ ಮಡಕೆ ಚೂರುಗಳಲ್ಲಿ ಉಳಿದ ಕಾಳಿನ ಅಚ್ಚುಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಕಾಡುಜೋಳ ಹೊಲದ ಜೋಳವಾಗಿ ಪಳಗಿದ ಅತಿ ಹಳೆಯ ಕುರುಹು ಅದು. ನಮ್ಮ ಜೋಳ. ಅವ್ವ ಬಡಿಯುತ್ತಿದ್ದ ರೊಟ್ಟಿಯ ಬಿಳಿ ಜೋಳದ ಮೂಲ ಆ ನೆಲ. ಸಮುದ್ರ ದಾಟಿ ಯಾವಾಗಲೋ ಇಲ್ಲಿಗೆ ಬಂದು, ಹಿಂಗಾರಿಯ ಇಬ್ಬನಿಯಲ್ಲಿ ಬೆಳೆದು, ನಾವು ಅದನ್ನು ನಮ್ಮ ಕುಲದ ಹಿರಿಯನಂತೆ ಪೂಜಿಸಿಕೊಂಡು ಬಂದಿದ್ದೇವೆ. ಸುಡಾನಿನಲ್ಲಿ ಜೋಳದ ಹಿಟ್ಟನ್ನು ಹುಳಿ ಬರಿಸಿ ಕಾದ ಹಂಚಿನ ಮೇಲೆ ತೆಳ್ಳಗೆ ಹರಡಿ ಕಿಸ್ರಾ ಎಂಬ ರೊಟ್ಟಿ ಮಾಡುತ್ತಾರೆ. ನೀಲಿ ನೈಲ್ ಮತ್ತು ಬಿಳಿ ನೈಲ್ ನಡುವಿನ ಗೆಜಿರಾ ಬಯಲಿನದೂ ನಮ್ಮದರಂಥದೇ ಎರೆಮಣ್ಣು: ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಯಲ್ಲಿ ಕಾಲಿಗೆ ಮೆತ್ತಿ ಬಿಡದ ಅಂಟು. ಹತ್ತಿ, ಜೋಳ ಎರಡೂ ಅಲ್ಲಿ ಬೆಳೆಯುತ್ತವೆ. ಮುಳುಗಡೆ, ಎರೆಭೂಮಿ, ಜೋಳದ ರೊಟ್ಟಿ, ನಂಬರಿನ ಊರು: ಇಷ್ಟೆಲ್ಲ ನಮ್ಮಂತೆಯೇ ಇರುವ ಜನರ ದೇಶವನ್ನು ನಾನು ನಲವತ್ತು ವರ್ಷ ಒಂದು ಹೆಸರಾಗಿ ಮಾತ್ರ ತಿಳಿದಿದ್ದೆ.

ಅಲ್ಲಿ 2023ರ ಏಪ್ರಿಲ್‌ನಿಂದ ಯುದ್ಧ ನಡೆದಿದೆ. ಆಗ ಭಾರತ ಸರ್ಕಾರ ಕಾವೇರಿ ಎಂಬ ಹೆಸರಿನ ಕಾರ್ಯಾಚರಣೆಯಲ್ಲಿ ನಮ್ಮವರನ್ನು ಕರೆತಂದಿತು; ಔಷಧಿ ಮಾರಲು ಹೋಗಿ ಸಿಕ್ಕಿಕೊಂಡಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನರೂ ಅದರಲ್ಲಿದ್ದರು. ಮನೆ ಬಿಟ್ಟು ಓಡಿದ ಸುಡಾನಿಗರ ಲೆಕ್ಕ ಕೋಟಿ ದಾಟಿದೆ. ಮೊದಲು ಈ ಸುದ್ದಿ ಬಂದರೆ ನಾನು ಚಾನೆಲ್ ಬದಲಿಸುತ್ತಿದ್ದೆ. ಈಗ ಅಪ್ಪ ಧ್ವನಿ ಹೆಚ್ಚಿಸಲು ಹೇಳುತ್ತಾರೆ, ಕಸ್ಸಲಾ ಎಂಬ ಹೆಸರು ಬಂದರೆ ನನ್ನತ್ತ ನೋಡುತ್ತಾರೆ.

ಸುಡಾನ್ ಬಂದ ವಾರವೇ ಅಪ್ಪ ಹೊಸದೊಂದು ಕೆಲಸ ಹಚ್ಚಿಕೊಂಡರು. ಬಾಗಲಕೋಟೆ ಇರುವುದು ಉತ್ತರ ಅಕ್ಷಾಂಶ 16 ಡಿಗ್ರಿಗಿಂತ ತುಸು ಮೇಲೆ. ಅಟ್ಲಾಸಿನ ಮೇಲೆ ಅಳತೆಪಟ್ಟಿ ಇಟ್ಟು, ನಮ್ಮ ಮನೆಯಿಂದ ನೇರ ಪೂರ್ವಕ್ಕೆ ಹೊರಟರೆ ಯಾವ ಊರು, ನೇರ ಪಶ್ಚಿಮಕ್ಕೆ ಹೊರಟರೆ ಯಾವ ಊರು ಎಂದು ಪಟ್ಟಿ ಮಾಡತೊಡಗಿದರು. ಪೂರ್ವದಲ್ಲಿ ಮಚಲೀಪಟ್ಟಣ ಹೆಚ್ಚುಕಡಿಮೆ ಅದೇ ಗೆರೆಯ ಮೇಲಿದೆ. ನಮ್ಮ ಹೊಳೆಯ ನೀರು ಕೃಷ್ಣೆಯನ್ನು ಸೇರಿ ಸಮುದ್ರ ಮುಟ್ಟುವುದೂ ಆ ಕಡೆಯಲ್ಲಿಯೇ ಎಂದು ಅಪ್ಪನಿಗೆ ವಿಶೇಷ ಸಂತೋಷ. ಮುಂದೆ ಬರ್ಮಾ, ಥಾಯ್ಲೆಂಡ್, ಲಾವೋಸ್, ವಿಯೆಟ್ನಾಮಿನ ದಾ ನಾಂಗ್ ಮತ್ತು ಹ್ವೇ, ಫಿಲಿಪ್ಪೀನ್ಸಿನ ಲುಜಾನ್ ದ್ವೀಪ. ಪಶ್ಚಿಮಕ್ಕೆ ಮಾಲವಣದ ಹತ್ತಿರ ಸಮುದ್ರಕ್ಕಿಳಿದರೆ ಯೆಮನ್, ಎರಿಟ್ರಿಯ, ಸುಡಾನ್, ಚಾಡ್, ನೈಜರ್, ಮಾಲಿ; ಟಿಂಬಕ್ಟು ಕೊಂಚ ಮೇಲಕ್ಕೆ ಉಳಿಯುತ್ತದೆ. ಸೆನೆಗಲ್ ದಾಟಿ, ಅಟ್ಲಾಂಟಿಕ್ ದಾಟಿ, ಕೆರಿಬಿಯನ್ನಿನ ಗ್ವಾಡೆಲೂಪ್. ಇವರೆಲ್ಲರ ಮನೆಯ ಮೇಲೂ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಗೆ ಬಂದು ನಿಲ್ಲುತ್ತಾನೆ, ನಮಗೆ ನಿಂತ ದಿನಗಳಲ್ಲೇ. ಈ ಮಾತನ್ನು ಅಪ್ಪ ಹೇಳಿದಾಗ ನನ್ನ ಮಗಳು ನಕ್ಷೆಯಲ್ಲಿ ಆ ಗೆರೆಯನ್ನು ಕೆಂಪು ಸ್ಕೆಚ್ ಪೆನ್ನಿನಿಂದ ತಿದ್ದಿದಳು. ಅವಳು ಏಳನೆಯ ಇಯತ್ತೆ. ನವನಗರದಲ್ಲಿಯೇ ಹುಟ್ಟಿದವಳು.

ಗ್ಯಾಂಬಿಯ ಅವಳಿಗೆ ಅಚ್ಚುಮೆಚ್ಚಿನ ದೇಶ. ಆ ದೇಶವೆಂದರೆ ಒಂದು ನದಿ ಮತ್ತು ಅದರ ಎರಡು ದಂಡೆ, ಅಷ್ಟೇ. ಅತಿ ಅಗಲ ಇರುವಲ್ಲಿಯೂ 50 ಕಿಲೋಮೀಟರ್ ದಾಟುವುದಿಲ್ಲ. ಮೂರು ಕಡೆ ಸೆನೆಗಲ್, ಒಂದು ಕಡೆ ಸಮುದ್ರ. ಹರಿಯುವ ನೀರಿನ ಆಕಾರವನ್ನೇ ದೇಶವೊಂದು ಉಟ್ಟುಕೊಂಡಂತೆ ಕಾಣುತ್ತದೆ.

ತುವಾಲು ಬಂದ ಬೆಳಿಗ್ಗೆಯನ್ನು ಮಾತ್ರ ನಾನು ಮರೆಯಲಾರೆ. ಪರದೆಯ ಮೇಲೆ ದೇಶವೇ ಇರಲಿಲ್ಲ, ಎಳ್ಳು ಚೆಲ್ಲಿದಂತೆ ನಾಲ್ಕಾರು ಕಪ್ಪು ಚುಕ್ಕೆಗಳು. ಆರೂ ಅವಕಾಶ ಮುಗಿದು ಉತ್ತರವನ್ನು ಆಟವೇ ಹೇಳಿತು. ಪೆಸಿಫಿಕ್ ಸಾಗರದ ಒಂಬತ್ತು ದ್ವೀಪಗಳು, ಒಟ್ಟು 26 ಚದರ ಕಿಲೋಮೀಟರ್, ಹತ್ತು ಸಾವಿರ ಚಿಲ್ಲರೆ ಜನ. ನೆಲ ಸಮುದ್ರಕ್ಕಿಂತ ಎರಡು ಮೂರು ಮೀಟರ್ ಮಾತ್ರ ಎತ್ತರ, ಸಮುದ್ರ ಏರುತ್ತಿದೆ. 2023ರಲ್ಲಿ ತುವಾಲು ಮತ್ತು ಆಸ್ಟ್ರೇಲಿಯ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವರ್ಷಕ್ಕೆ 280 ಜನ ತುವಾಲುವಿನಿಂದ ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಬಹುದು.

ಪರಿಹಾರ ಎಷ್ಟು ಎಂದು ಅಪ್ಪ ಕೇಳುತ್ತಾರೆ ಎಂದುಕೊಂಡಿದ್ದೆ. ಮುಳುಗಡೆಯ ಜನರ ಮೊದಲ ಪ್ರಶ್ನೆ ಅದೇ ಆಗಿರುತ್ತದೆ. ಅವರು ಕೇಳಿದ್ದು ಬೇರೆ: "ಹೋದವರಿಗೆ ಮನೆಗಳನ್ನು ಅಕ್ಕಪಕ್ಕ ಕೊಡುತ್ತಾರೆಯೇ?"

ನಮಗೆ ಹಾಗೆ ಸಿಗಲಿಲ್ಲ. ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡಿದ್ದ ಹನ್ನೆರಡು ಮನೆಯವರು ಎಂಟು ಸೆಕ್ಟರುಗಳಿಗೆ ಹರಿದು ಹಂಚಿಹೋದೆವು. ಪಡಸಾಲೆಯಿಂದ ಕೂಗಿದರೆ ಓಗೊಡುತ್ತಿದ್ದ ಅವ್ವನ ಗೆಳತಿಯನ್ನು ನೋಡಲು ಆಮೇಲೆ ಆಟೋ ಹಿಡಿಯಬೇಕಾಯಿತು. ಅವ್ವನ ಮೊಣಕಾಲು ನೋವು ಹೆಚ್ಚಾದ ಮೇಲೆ ಅದೂ ನಿಂತಿತು. ಕೊನೆಯ ಎರಡು ವರ್ಷ ಅವರಿಬ್ಬರೂ ಫೋನಿನಲ್ಲಿ ಮಾತ್ರ ಮಾತನಾಡಿದರು. ಆಟದ ಭಾಷೆಯಲ್ಲಿ ಹೇಳಿದರೆ ಶೇಕಡಾ ನೂರಕ್ಕೆ ತೀರ ಹತ್ತಿರದ ಅಂಕ ಅದು. ಇಡೀ ಭೂಗೋಳದ ಲೆಕ್ಕದಲ್ಲಿ ಮೂರು ಕಿಲೋಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ಅವ್ವನಿಗೆ ಅದು ದಾಟಲಾಗದ ದೂರವಾಗಿತ್ತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಮನೆಗಳ ಬುನಾದಿಯ ಕಲ್ಲುಗಳು ಹೊರಗೆ ಕಾಣುತ್ತವೆ. ಅವುಗಳ ನಡುವೆ ನಿಂತು ಅವ್ವ ಒಂದು ಸಲ, ಇದು ನಮ್ಮ ಒಲೆಯ ಮೂಲೆ, ಇದು ಅವರ ನೀರಿನ ಹೊಂಡ ಎಂದು ಕಾಲಿನಿಂದಲೇ ಗೆರೆ ಎಳೆದು ತೋರಿಸಿದ್ದಳು. ಎರಡರ ನಡುವೆ ಹನ್ನೊಂದು ಹೆಜ್ಜೆ ಇತ್ತು. ನಾನು ಎಣಿಸಿದ್ದೆ.

ಕಳೆದ ಭಾನುವಾರ ಆಟ ಬೇಗ ಮುಗಿಯಿತು. ಇಟಲಿ ಬಂದಿತ್ತು, ಅದಕ್ಕೆ ಯೋಚಿಸುವುದೇನಿದೆ. ಮಗಳಿಗೆ ಸಮಾಧಾನವಾಗಲಿಲ್ಲ. "ಅಜ್ಜಾ, ಇವತ್ತು ನೀವೇ ಒಂದು ಕೊಡಿ" ಎಂದಳು. ಅಪ್ಪ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಹೊರಗೆರೆ ಎಳೆದರು. ಕೈ ಈಗ ಸ್ವಲ್ಪ ನಡುಗುತ್ತದೆ, ಆದರೂ ಪೆನ್ಸಿಲನ್ನು ನಡುವೆ ಎತ್ತಲಿಲ್ಲ. ಒಂದು ಬದಿ ದುಂಡಗೆ, ಇನ್ನೊಂದು ಬದಿ ನದಿ ತಿರುಗಿದಂತೆ ಉದ್ದಕ್ಕೆ ಬಾಗಿದ ಆಕಾರ. ಒಳಗೆಲ್ಲ ಪೆನ್ಸಿಲಿನಿಂದ ಕಪ್ಪು ತುಂಬಿದರು. ನಾನು ಅಡುಗೆ ಮನೆಯ ಬಾಗಿಲಲ್ಲಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ನಿಂತಿದ್ದೆ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಹೇಳಲಿಲ್ಲ.

"ಗ್ಯಾಂಬಿಯ" ಎಂದಳು ಮಗಳು.

"ಒಂಬತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು. ಬಾಣ ಪೂರ್ವಕ್ಕೆ."

"ಹಾಗಾದರೆ ಶ್ರೀಲಂಕಾ."

"ಸಾವಿರ ಕಿಲೋಮೀಟರ್. ಬಾಣ ವಾಯವ್ಯಕ್ಕೆ."

ಅವಳು ಅಟ್ಲಾಸ್ ತೆರೆದು, ಬೆರಳಿಟ್ಟು, ಬಹಳ ಹೊತ್ತು ನೋಡಿದಳು. ಅಲ್ಲಿ ಬೇರೆ ದೇಶವೇ ಇಲ್ಲ. "ಅಜ್ಜಾ, ಇದು ದೇಶವಲ್ಲವೇ? ಊರೇ? ಹಾಗಾದರೆ ಊರುಗಳ ಹೆಸರು ಹೇಳಬಹುದೇ?"

"ಹೇಳಬಹುದು."

"ನವನಗರ."

ಅಪ್ಪ ಪೆನ್ಸಿಲನ್ನು ಹಾಳೆಯ ಪಕ್ಕಕ್ಕೆ ಇಟ್ಟರು. "ಐದು ಕಿಲೋಮೀಟರ್" ಎಂದರು. "ಬಾಣ ಪೂರ್ವಕ್ಕೆ."

ಅವಳಿಗೆ ಇನ್ನೂ ಮೂರು ಅವಕಾಶ ಉಳಿದಿದ್ದವು. ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು, ಗಿಡ್ಡ ತಲಬಾಗಿಲಿನ ಹೊರಗೆ ಹೋಗಿ, ಮೂಡಣಕ್ಕೆ ಮುಖ ಮಾಡಿ ನಿಂತಳು.